ತೂಕವೂ ಅಂಕವೂ ಖಚಿತವಿಲ್ಲದಾಗ ಯಾವ ವಿಧಾನ?

ಕಸ ವಿಲೇವಾರಿ ಘಟಕಕ್ಕೆ ಗುರುತಿಸಿರುವ ಮೂರು ಜಾಗಗಳಲ್ಲಿ ಒಂದನ್ನು ಆರಿಸಬೇಕಾಗಿದೆ, ಮಾನದಂಡಗಳ ತೂಕದ, ಅಂದರೆ ಯಾವುದಕ್ಕೆ ಎಷ್ಟು ಮಹತ್ವ ಎಂಬುದರ, ಬಗ್ಗೆ ಸಮಿತಿಯಲ್ಲಿ ಒಮ್ಮತವಿಲ್ಲ, ಅಂತರ್ಜಲದ ಮಾಹಿತಿಯೂ ಅರೆಬರೆಯಾಗಿದೆ, ಹೀಗಿರುವಾಗ ಫಜ್ಜಿ ಎಎಚ್‌ಪಿ (ಮಾನದಂಡಗಳನ್ನು ಎರಡೆರಡಾಗಿ ಹೋಲಿಸಿ, ಅಸ್ಪಷ್ಟ ಅಂಕೆಗಳಿಂದ ತೂಕ ಕಂಡುಕೊಳ್ಳುವ ವಿಧಾನ) ಬಳಸಬೇಕೇ, ಟಾಪ್ಸಿಸ್ (ಆದರ್ಶ ಆಯ್ಕೆಗೆ ಯಾವುದು ಹೆಚ್ಚು ಹತ್ತಿರ ಎಂದು ಅಳೆಯುವ ವಿಧಾನ) ಬಳಸಬೇಕೇ ಎಂದು ಕೇಳಿದ್ದೀರಿ. ವಿಧಾನವನ್ನು ಆರಿಸುವ ಮೊದಲು, ನಿಮ್ಮ ಪ್ರಶ್ನೆಯಲ್ಲಿ ಬೆರೆತಿರುವ ಎರಡು ಬಗೆಯ ಅನಿಶ್ಚಿತತೆಗಳನ್ನು ಬಿಡಿಸಿಕೊಳ್ಳಬೇಕು ಎಂದು ನಾನು ಭಾವಿಸುತ್ತೇನೆ. ಅಂತರ್ಜಲ ಎಷ್ಟು ಆಳದಲ್ಲಿದೆ ಎಂಬುದು ಕೊರೆದು ನೋಡಿದರೆ ತಿಳಿಯುವ ಸಂಗತಿ. ಖರ್ಚು ಹೆಚ್ಚೋ ನೀರು ಹೆಚ್ಚೋ ಎಂಬುದು ಯಾವ ಅಳತೆಯಿಂದಲೂ ತಿಳಿಯದ, ಸಮಿತಿಯೇ ಹೊಣೆ ಹೊತ್ತು ಹೇಳಬೇಕಾದ ಮಾತು.

1965ರಲ್ಲಿ ಲಾಟ್ಫಿ ಝಾದೆ ಮಂಡಿಸಿದ ಫಜ್ಜಿ ಗಣಗಳು ‘ಎತ್ತರದವರು’ ಎಂಬಂಥ, ಗಡಿ ಸ್ಪಷ್ಟವಿಲ್ಲದ ವರ್ಗಗಳನ್ನು ಗಣಿತಕ್ಕೆ ತಂದವು. ಆದರೆ ಸದಸ್ಯರ ಭಿನ್ನಾಭಿಪ್ರಾಯವನ್ನು ತ್ರಿಕೋನ ಸಂಖ್ಯೆಯೊಳಗೆ (ಕನಿಷ್ಠ, ನಡುವಿನ, ಗರಿಷ್ಠ ಎಂಬ ಮೂರು ಅಂಕೆಗಳ ಗುಂಪಿನೊಳಗೆ) ಸೇರಿಸಿ, ಕೊನೆಗೆ ಮತ್ತೆ ಒಂದೇ ಅಂಕೆಗೆ ಇಳಿಸಿದರೆ, ಭಿನ್ನಾಭಿಪ್ರಾಯವಿತ್ತೆಂಬುದೇ ಫಲಿತಾಂಶದಲ್ಲಿ ಕಾಣದೆ ಹೋಗುತ್ತದೆ. ಥಾಮಸ್ ಸಾಟಿಯವರ ಎಎಚ್‌ಪಿಯಲ್ಲಿ ಸುಸಂಗತತೆಯ ಅನುಪಾತ 0.1ಕ್ಕಿಂತ ಕಡಿಮೆ ಬಂದರೆ ಒಬ್ಬರ ತೀರ್ಪುಗಳು ಒಂದಕ್ಕೊಂದು ಸಾಕಷ್ಟು ಹೊಂದುತ್ತವೆ ಎಂದಷ್ಟೇ ಅರ್ಥ, ಆ ತೂಕಗಳು ಸರಿಯೆಂದಲ್ಲ. ಟಾಪ್ಸಿಸ್ ಅಂತೂ ತೂಕ ಕೈಗೆ ಬಂದ ಮೇಲೆಯೇ ಶುರುವಾಗುವ ಲೆಕ್ಕ.

ಆದ್ದರಿಂದ ಲಾಹ್ದೆಲ್ಮಾ, ಹೊಕ್ಕಾನೆನ್ ಮತ್ತು ಸಾಲ್ಮಿನೆನ್ 1998ರಲ್ಲಿ ಪ್ರಕಟಿಸಿದ ಎಸ್‌ಎಂಎಎ ವಿಧಾನವನ್ನು ಸೂಚಿಸುತ್ತೇನೆ. ಈ ತೂಕಕ್ಕೆ ಯಾವ ಜಾಗ ಮೇಲು ಎನ್ನುವ ಬದಲು, ಈ ಜಾಗ ಮೇಲಾಗಬೇಕಾದರೆ ಎಂಥ ತೂಕ ಬೇಕು ಎಂದು ಅದು ಕೇಳುತ್ತದೆ. ಕೈಲೆಕ್ಕಕ್ಕೆ ಸಿಗಲೆಂದು ಎರಡೇ ಮಾನದಂಡ ಇಟ್ಟುಕೊಳ್ಳೋಣ, ಅವುಗಳ ತೂಕಗಳ ಮೊತ್ತ 1 ಇರಲಿ. ಹತ್ತಕ್ಕೆ, ಮೊದಲ ಜಾಗಕ್ಕೆ ಮಿತವ್ಯಯದಲ್ಲಿ 9, ಅಂತರ್ಜಲ ಸುರಕ್ಷತೆಯಲ್ಲಿ 3. ಎರಡನೆಯದಕ್ಕೆ 7 ಮತ್ತು 6. ಮೂರನೆಯದಕ್ಕೆ 2 ಮತ್ತು 9 ಇರಲಿ. ಮಿತವ್ಯಯದ ತೂಕ 0.6 ದಾಟಿದರೆ ಮೊದಲನೆಯದು, 0.375ಕ್ಕಿಂತ ಇಳಿದರೆ ಮೂರನೆಯದು, ನಡುವೆ ಎರಡನೆಯದು ಮೇಲಾಗುತ್ತದೆ. ತೂಕದ ಬಗ್ಗೆ ಏನೂ ಗೊತ್ತಿಲ್ಲವೆಂದರೆ ಎರಡನೆಯದು ಮೇಲಾಗುವ ತೂಕಗಳ ಪಾಲು ಶೇ. 22.5, ಮೂರರಲ್ಲಿ ಅತಿ ಕಡಿಮೆ. ಆದರೆ ಆ ತೂಕ 0.4ಕ್ಕೂ 0.6ಕ್ಕೂ ನಡುವೆ ಇದೆ ಎಂಬಷ್ಟಕ್ಕೆ ಸದಸ್ಯರು ಒಪ್ಪಿದರೂ ಸಾಕು, ಆಯ್ಕೆ ಅದೇ ಆಗುತ್ತದೆ. ನಿಖರ ತೂಕಕ್ಕಾಗಿ ಹಗ್ಗಜಗ್ಗಾಟವೇ ಬೇಕಿಲ್ಲ.

ಇನ್ನು ಅಂತರ್ಜಲ. ಎರಡನೆಯ ಜಾಗದ ಸುರಕ್ಷತೆಯ ಅಂಕ 6ರ ಬದಲು 5 ಆಗಿದ್ದರೆ ಅದು ಮೇಲಾಗುವ ವ್ಯಾಪ್ತಿ ಸುಮಾರು 0.44ರಿಂದ 0.50ರವರೆಗಿನಷ್ಟಕ್ಕೆ ಕುಗ್ಗುತ್ತದೆ. ಹಾಗಾಗಿ ಪರೀಕ್ಷೆಗೆ ಇರುವ ಹಣ ಒಂದೇ ಜಾಗಕ್ಕೆ ಸಾಲುವಷ್ಟಾದರೆ, ಕೊರೆಯಬೇಕಾದದ್ದು ಅಲ್ಲಿ. ಮಾನದಂಡಗಳು ಹೆಚ್ಚಿದ್ದಾಗ ತೂಕ, ಅಂಕ ಎರಡನ್ನೂ ಅವುಗಳ ಮಿತಿಯೊಳಗೆ ಯಾದೃಚ್ಛಿಕವಾಗಿ ಆರಿಸಿ ಹತ್ತು ಸಾವಿರ ಸಲ ಲೆಕ್ಕ ಹಾಕಿಸಿ, ಎಕ್ಸೆಲ್‌ನಲ್ಲೇ ಆಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಾನು ರಾಜಿಯಾಗಲಾರೆ. ಅಂಕಗಳನ್ನು ಕೂಡಿಸುವ ಯಾವ ವಿಧಾನದಲ್ಲೂ ಅಗ್ಗದ ಜಾಗ ಎಂಬ ಗುಣ ಕಲುಷಿತ ಬಾವಿಯೆಂಬ ದೋಷವನ್ನು ಸರಿದೂಗಿಸಿಬಿಡುತ್ತದೆ. ಸುರಕ್ಷತೆಗೆ ಒಂದು ಕೆಳಮಿತಿಯನ್ನು ಮೊದಲೇ ಬರೆದಿಟ್ಟು, ಅದನ್ನು ಮುಟ್ಟದ ಜಾಗವನ್ನು ತೂಕದ ಮಾತೆತ್ತುವ ಮುಂಚೆಯೇ ಪಟ್ಟಿಯಿಂದ ತೆಗೆದುಹಾಕಿ.