ಅಮೆರಿಕದ ಕೋರ್ಟಿನಲ್ಲಿ ಡಿಎ, ಗ್ರ್ಯಾಂಡ್ ಜ್ಯೂರಿ, ಬೇಲಿಫ್ ಅಂದರೆ ಯಾರು?

ಇಂಗ್ಲಿಷ್ ಕೋರ್ಟ್ ಸೀರಿಯಲ್‌ಗಳಲ್ಲಿ ಬರುವ ಡಿಎ, ಗ್ರ್ಯಾಂಡ್ ಜ್ಯೂರಿ, ಪ್ಲೀ ಡೀಲ್, ಬೇಲಿಫ್ ಇವೆಲ್ಲ ಏನು ಅಂತ ಕೇಳಿದ್ದೀರಿ. ನಾನು ವಕೀಲನಲ್ಲ. ಕ್ಯಾಲಿಫೋರ್ನಿಯಾದಲ್ಲಿದ್ದೇನೆ, ಜ್ಯೂರಿ ಡ್ಯೂಟಿಗೆ (ಸಾಮಾನ್ಯ ನಾಗರಿಕರು ಕೋರ್ಟಿನಲ್ಲಿ ಕೂತು ಕೇಸು ಕೇಳಿ ನಿರ್ಧಾರ ಹೇಳುವ ಕೆಲಸ) ಕರೆ ಬಂದಾಗ ಇದನ್ನೆಲ್ಲ ಓದಿಕೊಂಡೆ.

ಡಿಎ ಅಂದರೆ ಡಿಸ್ಟ್ರಿಕ್ಟ್ ಅಟಾರ್ನಿ. ನಮ್ಮ ಪಬ್ಲಿಕ್ ಪ್ರಾಸಿಕ್ಯೂಟರ್ ಥರ, ಆದರೆ ಹೆಚ್ಚಿನ ರಾಜ್ಯಗಳಲ್ಲಿ ಚುನಾವಣೆ ಗೆದ್ದು ಬರುತ್ತಾರೆ. ಹೌದು, ವೋಟು ಕೇಳುತ್ತಾರೆ! ಪೊಲೀಸರು ಹಿಡಿದು ತಂದವನ ಮೇಲೆ ಕೇಸು ಹಾಕಬೇಕೋ ಬೇಡವೋ, ಹಾಕಿದರೆ ಯಾವ ಆರೋಪ ಅನ್ನುವುದು ಇವರ ಕೈಯಲ್ಲಿ. ನನ್ನ ಪ್ರಕಾರ ಜಡ್ಜ್‌ಗಿಂತ ಜಾಸ್ತಿ ಅಧಿಕಾರ ಇವರಿಗೇ ಇದೆ.

ಅದಕ್ಕೆ ಕಾರಣ ಪ್ಲೀ ಡೀಲ್. ತಪ್ಪು ಒಪ್ಪಿಕೋ, ಕೆಲವು ಆರೋಪ ಕೈಬಿಡುತ್ತೇವೆ ಅನ್ನುವ ಒಪ್ಪಂದ. ಶಿಕ್ಷೆಯಾದ ಕೇಸುಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ತಪ್ಪೊಪ್ಪಿಗೆಯಲ್ಲೇ ಮುಗಿದಿರುತ್ತವೆ. ಸೀರಿಯಲ್‌ನಲ್ಲಿ ಕಾಣುವ ವಾದ-ವಿವಾದ ಅಪರೂಪ. ಜಾಮೀನಿಗೆ ದುಡ್ಡಿಲ್ಲದೆ ಜೈಲಲ್ಲಿ ಕೂತವನಿಗೆ 'ಒಪ್ಪಿಕೊಂಡರೆ ಇವತ್ತೇ ಮನೆಗೆ' ಅಂದರೆ, ಮಾಡದ ತಪ್ಪನ್ನೂ ಒಪ್ಪಿಕೊಂಡಾನು ಅಲ್ವಾ? ಭಾರತಕ್ಕೂ ಪ್ಲೀ ಬಾರ್ಗೇನಿಂಗ್ 2006ರಲ್ಲಿ ಬಂತು. ಆದರೆ ಏಳು ವರ್ಷ ಮೀರಿದ ಶಿಕ್ಷೆಯ ಅಪರಾಧಗಳಿಗೆ ಇಲ್ಲ.

ಜ್ಯೂರಿಯಲ್ಲಿ ಎರಡು ಬಗೆ. ಗ್ರ್ಯಾಂಡ್ ಜ್ಯೂರಿ ತೀರ್ಪು ಕೊಡುವುದಿಲ್ಲ, ಕೇಸು ನಡೆಸುವಷ್ಟು ಸಾಕ್ಷ್ಯ ಇದೆಯಾ ಅಂತ ಮಾತ್ರ ನೋಡುತ್ತದೆ. ಫೆಡರಲ್ ಅಂದರೆ ಕೇಂದ್ರ ಸರ್ಕಾರದ ಕೋರ್ಟಿನಲ್ಲಿ 16ರಿಂದ 23 ಜನ ಇರುತ್ತಾರೆ, 12 ಮಂದಿ ಹೂಂ ಅಂದರೆ ಇಂಡೈಟ್‌ಮೆಂಟ್, ಅಂದರೆ ದೋಷಾರೋಪ. ಇದೆಲ್ಲ ಗುಟ್ಟಾಗಿ ನಡೆಯುತ್ತದೆ. ಆರೋಪಿಯ ವಕೀಲರಿಗೂ ಒಳಗೆ ಜಾಗವಿಲ್ಲ.

ಸೀರಿಯಲ್‌ನಲ್ಲಿ ಸಾಲಾಗಿ ಕೂತಿರುವವರು ಟ್ರಯಲ್ ಜ್ಯೂರಿ. ದೋಷಿಯೋ ಅಲ್ಲವೋ ಹೇಳುವವರು ಇವರೇ. ಜಡ್ಜ್ ಕಾನೂನು ವಿವರಿಸುತ್ತಾರೆ, ಸಾಮಾನ್ಯವಾಗಿ ಶಿಕ್ಷೆ ಎಷ್ಟು ಅಂತ ನಿರ್ಧರಿಸುತ್ತಾರೆ. ಗಂಭೀರ ಅಪರಾಧಕ್ಕೆ ದೋಷಿ ಅನ್ನಬೇಕಾದರೆ ಜ್ಯೂರಿಯ ಎಲ್ಲ ಸದಸ್ಯರೂ ಒಪ್ಪಬೇಕು, 2020ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದನ್ನು ಎಲ್ಲ ರಾಜ್ಯಗಳಿಗೂ ಕಡ್ಡಾಯ ಮಾಡಿತು. ಒಮ್ಮತ ಬರದಿದ್ದರೆ ಅದು ಹಂಗ್ ಜ್ಯೂರಿ. ಡಿಎ ಬೇಕಾದರೆ ಮತ್ತೆ ಮೊದಲಿಂದ ಕೇಸು ನಡೆಸಬಹುದು.

ವಕೀಲರಿಗೆ ಕೊಡಲು ದುಡ್ಡಿಲ್ಲದ ಆರೋಪಿಗೆ ಸರ್ಕಾರ ಕೊಡುವ ವಕೀಲರು ಪಬ್ಲಿಕ್ ಡಿಫೆಂಡರ್. ರಾಜ್ಯಗಳ ಕೋರ್ಟುಗಳಲ್ಲೂ ಈ ಹಕ್ಕು ಸಿಕ್ಕಿದ್ದು ಸುಪ್ರೀಂ ಕೋರ್ಟಿನ 1963ರ ಗಿಡಿಯನ್ ತೀರ್ಪಿನಿಂದ. ಬೇಲಿಫ್ ಅಂದರೆ ಸುಮ್ನೆ ಕೋರ್ಟ್ ಹಾಲಿನ ಪೊಲೀಸ್ ಅಂದುಕೊಳ್ಳಿ.

ಜ್ಯೂರಿ ಆಯ್ಕೆ ವೇಳೆ ನನ್ನನ್ನು ಒಬ್ಬ ವಕೀಲರು ನಾಲ್ಕು ಪ್ರಶ್ನೆ ಕೇಳಿ, ಕಾರಣ ಹೇಳದೆ ಮನೆಗೆ ಕಳಿಸಿದರು. ಅದಕ್ಕೂ ಅವಕಾಶ ಇದೆ. ಇಲ್ಲಿ ಎಚ್‌1ಬಿ ಅಥವಾ ಗ್ರೀನ್ ಕಾರ್ಡ್‌ನಲ್ಲಿರುವ ನೆಂಟರಿದ್ದರೆ ಒಂದು ಮಾತು ಹೇಳಿ: ಜ್ಯೂರಿ ಡ್ಯೂಟಿ ಪತ್ರ ಅವರಿಗೂ ಬರಬಹುದು. ಎಸೆಯಬೇಡಿ, 'ನಾಗರಿಕನಲ್ಲ' ಅಂತ ಗುರುತು ಹಾಕಿ ವಾಪಸ್ ಕಳಿಸಿ.