ಪ್ರತಿಕ್ರಿಯೆ: ವರ್ಚುವಲ್‌ಬಾಕ್ಸ್‌ನಲ್ಲಿ ಎಕ್ಸ್‌ಪಿ ಸೆಟಪ್‌ಗೆ ಹಾರ್ಡ್ ಡಿಸ್ಕ್ ಕಾಣುತ್ತಿಲ್ಲ

ಹಳೆಯ ಲೆಕ್ಕದ ಸಾಫ್ಟ್‌ವೇರ್ ಓಡಿಸಲು ವರ್ಚುವಲ್‌ಬಾಕ್ಸ್‌ನಲ್ಲಿ (ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್ ನಡೆಸುವ ಪ್ರೋಗ್ರಾಂ) ವಿಂಡೋಸ್ ಎಕ್ಸ್‌ಪಿ ಹಾಕಲು ಹೋದರೆ ಡಿಸ್ಕ್ ಕಾಣುತ್ತಿಲ್ಲ ಎಂದು ಕೇಳಿದ್ದೀರಿ. ನಿಮ್ಮ ಡಿಸ್ಕ್ ಸರಿಯಾಗಿಯೇ ಇದೆ. ಹೆಚ್ಚಾಗಿ ಅದು ಸಾಟಾ ಕಂಟ್ರೋಲರ್‌ಗೆ (ಡಿಸ್ಕ್ ಜೋಡಿಸುವ ಹೊಸ ಬಗೆಯ ವ್ಯವಸ್ಥೆ) ಸೇರಿಕೊಂಡಿದೆ, ಅಷ್ಟೇ. ವಿಂಡೋಸ್ ಎಕ್ಸ್‌ಪಿ 2001ರದ್ದು, ಅದರ ಸಿ.ಡಿ.ಯಲ್ಲಿ ಸಾಟಾ ಡಿಸ್ಕನ್ನು ಗುರುತಿಸಲು ಬೇಕಾದ ಎಎಚ್‌ಸಿಐ ಎಂಬ ಡ್ರೈವರ್ ಇಲ್ಲ. ಹಾಗಾಗಿ ನೀಲಿ ಪರದೆಯಲ್ಲಿ 'ಹಾರ್ಡ್ ಡಿಸ್ಕ್ ಸಿಗಲಿಲ್ಲ' ಎಂದು ಹೇಳಿ ಎಫ್3 ಒತ್ತಲು ಕೇಳುತ್ತದೆ. ವರ್ಚುವಲ್‌ಬಾಕ್ಸ್‌ನಲ್ಲಿ ಆ ಒಳಗಿನ ಕಂಪ್ಯೂಟರ್ (ಮಷೀನ್) ಮಾಡುವಾಗ ಪಟ್ಟಿಯಲ್ಲಿ ಎಕ್ಸ್‌ಪಿ ಬದಲು ಬೇರೆ ವಿಂಡೋಸ್ ಆರಿಸಿದ್ದಿರಾ? ಹಾಗಿದ್ದರೆ ಡಿಸ್ಕ್ ಸಾಟಾಕ್ಕೆ ಸೇರಲು ಕಾರಣ ಇದೇ.

ಮೊದಲು ಮಷೀನ್ ಅನ್ನು ಪೂರ್ತಿ ಆಫ್ ಮಾಡಿ. ಸುಮ್ನೆ ಸೇವ್ ಮಾಡಿಟ್ಟರೆ ಸ್ಟೋರೇಜ್ ಬದಲಿಸಲು ಬಿಡುವುದಿಲ್ಲ. ಸೆಟ್ಟಿಂಗ್ಸ್‌ನ ಸ್ಟೋರೇಜ್‌ಗೆ ಹೋಗಿ, ಸಾಟಾ ಕೆಳಗಿರುವ ಡಿಸ್ಕ್ ಮೇಲೆ ರೈಟ್ ಕ್ಲಿಕ್ ಮಾಡಿ ತೆಗೆಯಿರಿ. ಹೆದರಬೇಡಿ, ಜೋಡಣೆ ಮಾತ್ರ ಹೋಗುತ್ತದೆ, ವಿಡಿಐ ಫೈಲ್ (ಆ ಡಿಸ್ಕ್ ಇರುವ ಫೈಲ್) ಹಾಗೇ ಉಳಿಯುತ್ತದೆ. ಆಮೇಲೆ ಎಕ್ಸ್‌ಪಿಗೆ ಗೊತ್ತಿರುವ ಹಳೆಯ ಬಗೆಯ ಪಿಐಐಎಕ್ಸ್4 ಐಡಿಇ ಕಂಟ್ರೋಲರ್ ಸೇರಿಸಿ (ಮೊದಲೇ ಇದ್ದರೆ ಅದೇ ಸಾಕು). ಅದೇ ವಿಡಿಐ ಫೈಲನ್ನು ಪ್ರೈಮರಿ ಮಾಸ್ಟರ್‌ಗೆ ಹಾಕಿ, ಐಎಸ್‌ಒ ಫೈಲನ್ನು (ಎಕ್ಸ್‌ಪಿ ಸಿ.ಡಿ.ಯ ನಕಲು) ಸೆಕೆಂಡರಿ ಮಾಸ್ಟರ್‌ಗೆ ಹಾಕಿ. ಈಗ ಸೆಟಪ್ ಶುರು ಮಾಡಿದರೆ ಖಾಲಿ ಜಾಗ ಕಾಣಬೇಕು.

ನೆಟ್‌ವರ್ಕ್ ಕಾರ್ಡನ್ನೂ ಈಗಲೇ ಪಿಸಿನೆಟ್ ಫಾಸ್ಟ್ 3ಕ್ಕೆ ಬದಲಿಸಿಬಿಡಿ, ಅದರ ಡ್ರೈವರ್ ಎಕ್ಸ್‌ಪಿಯಲ್ಲೇ ಇದೆ. ಆದರೆ ನಿಮಗೆ ಬೇಕಿರುವುದು ಆ ಹಳೆಯ ಲೆಕ್ಕದ ಸಾಫ್ಟ್‌ವೇರ್ ಮಾತ್ರ ಅಲ್ವಾ? ಹಾಗಿದ್ದರೆ ಇಂಟರ್ನೆಟ್ ಕೊಡಲೇಬೇಡಿ. ಎಕ್ಸ್‌ಪಿಗೆ ಬೆಂಬಲ 2014ರ ಏಪ್ರಿಲ್‌ನಲ್ಲೇ ನಿಂತಿದೆ. ಎಕ್ಸ್‌ಪಿ ಒಳಗೆ ಗೆಸ್ಟ್ ಅಡಿಷನ್ಸ್ (ವರ್ಚುವಲ್‌ಬಾಕ್ಸ್‌ನದೇ ಸಹಾಯಕ ಸಾಫ್ಟ್‌ವೇರ್) ಹಾಕಿ, ಫೈಲುಗಳನ್ನು ಶೇರ್ಡ್ ಫೋಲ್ಡರ್ (ಎರಡೂ ಕಡೆ ಕಾಣುವ ಫೋಲ್ಡರ್) ಮೂಲಕ ಸಾಗಿಸಿ.

ಐಡಿಇಗೆ ಹಾಕಿದ ಮೇಲೂ ಅದೇ ಸಂದೇಶ ಬಂದರೆ, ಸ್ಟೋರೇಜ್ ಪುಟದ ಚಿತ್ರ ಹಾಕಿ, ನೋಡೋಣ.