ಅಮ್ಮನ ಒತ್ತಾಯದಿಂದ ಬಂದ ಪಶ್ಚಾತ್ತಾಪ ನಿಜವಾದದ್ದೇ?

ಅಮ್ಮ ಅತ್ತು ಕರೆದಿದ್ದಕ್ಕೆ ಚರ್ಚಿಗೆ ಮರಳಿದೆ, ಇದು ನನ್ನ ಸ್ವಂತ ಪಶ್ಚಾತ್ತಾಪವೇ, ದೇವರು ಒಪ್ಪುತ್ತಾನಾ ಅಂತ ಕೇಳಿದ್ದೀರಿ. ಖಂಡಿತ ಒಪ್ಪುತ್ತಾನೆ ಅಂತಲೇ ನನ್ನ ನಂಬಿಕೆ.

ನಾಲ್ಕನೇ ಶತಮಾನದಲ್ಲಿ ಹುಟ್ಟಿದ ಕ್ರೈಸ್ತ ಚಿಂತಕ ಸಂತ ಅಗಸ್ಟೀನರನ್ನು ನೋಡಿ. ಹದಿನಾರನೇ ವಯಸ್ಸಿನಲ್ಲಿ ಗೆಳೆಯರ ಜೊತೆ ಸೇರಿ ಪಿಯರ್ ಹಣ್ಣು ಕದ್ದರು. ಹಸಿವಿಗಲ್ಲ, ತಿನ್ನುವ ಆಸೆಗೂ ಅಲ್ಲ. ಒಬ್ಬನೇ ಇದ್ದಿದ್ದರೆ ಕದಿಯುತ್ತಿರಲಿಲ್ಲ ಎಂದು ಮುಂದೆ ಅವರೇ ಬರೆದರು. ಸಹವಾಸ ಕೆಡಿಸಿದ ಹಾಗೆಯೇ ಸಹವಾಸವೇ ಅವರನ್ನು ಎತ್ತಿತು ಕೂಡ. ತಾಯಿ ಮೋನಿಕಾ ವರ್ಷಗಟ್ಟಲೆ ಕಣ್ಣೀರಿಟ್ಟು ಪ್ರಾರ್ಥಿಸಿದರು. ಇಟಲಿಯ ಮಿಲಾನಿನಲ್ಲಿ ಧರ್ಮಾಧ್ಯಕ್ಷ ಆಂಬ್ರೋಸರ ಪ್ರಸಂಗಗಳು ಮನಸ್ಸು ಕಲಕಿದವು. 386ರಲ್ಲಿ ಅಲ್ಲಿನ ತೋಟದಲ್ಲಿ ಅವರು ಪಶ್ಚಾತ್ತಾಪದಿಂದ ಬಿಕ್ಕಿ ಅತ್ತಾಗಲೂ ಗೆಳೆಯ ಅಲಿಪಿಯಸ್ ಹತ್ತಿರದಲ್ಲೇ ಇದ್ದ. 387ರ ಈಸ್ಟರ್‌ನಲ್ಲಿ ಇಬ್ಬರೂ ದೀಕ್ಷಾಸ್ನಾನ ಪಡೆದರು. ಇಷ್ಟೆಲ್ಲ ಜನರ ಪಾಲಿದೆ ಅಂತ ಆ ಪಶ್ಚಾತ್ತಾಪವನ್ನು ಯಾರೂ ಎರವಲು ಅನ್ನುವುದಿಲ್ಲ.

ಬೈಬಲಿನ ಮಾರ್ಕನ ಸುವಾರ್ತೆಯ ಎರಡನೇ ಅಧ್ಯಾಯವನ್ನೂ ಓದಿ. ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದು, ಚಾವಣಿ ಬಿಚ್ಚಿ ಇಳಿಸಿದರು. ಯೇಸು 'ಅವರ' ನಂಬಿಕೆಯನ್ನು ಕಂಡು ಅವನ ಪಾಪಗಳನ್ನು ಕ್ಷಮಿಸಿದರು. ರೋಗಿ ಬಾಯಿಬಿಟ್ಟು ಏನೂ ಕೇಳಿರಲಿಲ್ಲ! ನನಗೆ ತುಂಬ ಧೈರ್ಯ ಕೊಡುವ ಭಾಗ ಇದು.

ಆದರೆ ಯೇಸು 'ಎದ್ದು ಹಾಸಿಗೆ ಎತ್ತಿಕೊಂಡು ನಡೆ' ಎಂದಾಗ ನಡೆಯಬೇಕಾದವನು ಆ ರೋಗಿಯೇ. ನಿಮ್ಮ ಪಾಲಿನ ಕೆಲಸವನ್ನು ಅಮ್ಮ ಮಾಡಲಾಗದು. ನೀವು ಕಥೋಲಿಕರಾದರೆ ಈ ವಾರವೇ ಪಾಪನಿವೇದನೆಗೆ (ಗುರುಗಳ ಮುಂದೆ ಪಾಪಗಳನ್ನು ಒಪ್ಪಿಕೊಳ್ಳಲು) ಹೋಗಿ, ಇಲ್ಲವಾದರೆ ನಿಮ್ಮ ಸಭಾಪಾಲಕರ ಜೊತೆ ಕೂತು ಪ್ರಾರ್ಥಿಸಿ. ಅಮ್ಮನ ಒತ್ತಾಯಕ್ಕೆ ಬಂದೆ ಅನ್ನುವುದನ್ನೂ ಅಲ್ಲಿ ಮುಚ್ಚಿಡದೆ ಹೇಳಿ.